ಎತ್ತಿಗೂ ಶನಿವಾರ ರಜೆ

ಕುವೈತಿನ ಖೈತಾನ್‌ನಲ್ಲಿ ಯಾವ ಬಕಾಲಕ್ಕೆ, ಅಂದರೆ ದಿನಸಿ ಅಂಗಡಿಗೆ, ಬೇಕಾದರೂ ಹೋಗಿ, ಸೌದಾ ಟೀಚರ ಮನೆ ಎಲ್ಲಿ ಎಂದು ಕೇಳಿ. ಅಂಗಡಿಯವನು ಹಾಲಿನ ಪ್ಯಾಕೆಟ್ ಕೆಳಗಿಟ್ಟು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. "ಯಾರ ಮೇಲೆ ಕಂಪ್ಲೇಂಟು?" ಎಂದು ಕೇಳಿದರೂ ಕೇಳಿಯಾನು. ಯಾಕೆಂದರೆ ಆ ಹೆಂಗಸಿನ ಹತ್ತಿರ ಇನ್ನೊಬ್ಬರ ಮೇಲೆ ದೂರು ಹೊತ್ತುಕೊಂಡು ಹೋಗುವುದು ಹುಡುಗಾಟವಲ್ಲ. ನಿಮ್ಮ ಅರ್ಧ ಮಾತಿಗೇ ಕೈ ಅಡ್ಡ ಹಿಡಿದು, "ಅವರು ಇಲ್ಲಿ ಇದ್ದಾರಾ?" ಎನ್ನುತ್ತಾಳೆ. ಇಲ್ಲ ಎಂದಿರೋ, "ಹಾಗಾದ್ರೆ ಕರ್ಕೊಂಡು ಬನ್ನಿ, ಅವರ ಎದುರಿಗೇ ಹೇಳಿ. ಚಾ ನಾನು ಮಾಡ್ತೇನೆ" ಎನ್ನುತ್ತಾಳೆ. ಚಾಡಿ ಹೇಳಲು ಹೋದವರು ಚಾ ಕುಡಿಯದೆ ವಾಪಸು ಬಂದದ್ದೇ ಹೆಚ್ಚು.

ಸೌದಾ ಪಾಣೆಮಂಗಳೂರಿನವಳು. ಟಿ.ಸಿ.ಎಚ್. ಮುಗಿಸಿ ಊರಿನ ಶಾಲೆಯಲ್ಲಿ ಇನ್ನೂ ಸೀಮೆಸುಣ್ಣ ಹಿಡಿಯುವಷ್ಟರಲ್ಲಿ ಶಬೀರನ ಜೊತೆ ನಿಕಾಹ್ ಆಗಿ ಕುವೈತಿಗೆ ಬಂದಳು. ಶಬೀರ್ ಒಂದು ಕಂಪನಿಯಲ್ಲಿ ಕೆಲಸಗಾರರ ಇಕಾಮಾ, ಅಂದರೆ ವಾಸದ ಪರವಾನಗಿಯ, ಕಾಗದಪತ್ರ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಓಡುವವನು. ಒಳ್ಳೆಯವನು, ಆದರೆ ಪುಕ್ಕಲ. ಬಾಗಿಲ ಗಂಟೆ ಬಾರಿಸಿದರೂ "ಯಾರಿಗೆ ಏನಾಯ್ತು?" ಎನ್ನುವ ಪೈಕಿ.

ಮದುವೆಯಾದ ಹೊಸತರಲ್ಲಿ ಅವರಿದ್ದದ್ದು ಮೂರು ಸಂಸಾರಗಳ ಒಂದು ಫ್ಲಾಟಿನಲ್ಲಿ, ಮೂವರಿಗೂ ಒಂದೇ ಅಡುಗೆಮನೆ. ಉಳಿದಿಬ್ಬರು ಹೆಂಗಸರಿಗೆ ಒಂದು ಪ್ರೆಶರ್ ಕುಕ್ಕರಿನ ರಬ್ಬರಿಗಾಗಿ ಮಾತು ಬಿಟ್ಟುಹೋಗಿತ್ತು. ಅವಳು ಬಂದು ಇವಳ ಮೇಲೆ ಹೇಳುತ್ತಿದ್ದಳು, ಇವಳು ಬಂದು ಅವಳ ಮೇಲೆ ಹೇಳುತ್ತಿದ್ದಳು, ಕೇಳಿ ಕೇಳಿ ಸೌದಾಳ ಕಿವಿ ತೂತಾಗುತ್ತಿತ್ತು. ಒಂದು ದಿನ ಅವಳಿಗೆ ತಲೆ ಕೆಟ್ಟಿತು. ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಹಾಕಿ, "ನನ್ನ ಹತ್ತಿರ ಹೇಳಿದ್ದನ್ನೆಲ್ಲ ಈಗ ಅವರ ಹತ್ತಿರವೇ ಹೇಳಿ" ಎಂದಳು. ಮೊದಲು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತರು, ಆಮೇಲೆ ಕಿರುಚಾಡಿದರು, ಆಮೇಲೆ ಅತ್ತರು. ರಬ್ಬರು ಮೊದಲೇ ಹಳತಾಗಿತ್ತು, ಯಾರೂ ಹಾಳು ಮಾಡಿದ್ದಲ್ಲ. ಅವತ್ತಿನಿಂದ ಸೌದಾಳ ಮನೆಯ ಕಾನೂನು ಒಂದೇ: ಇಲ್ಲದವರ ಬಗ್ಗೆ ಇಲ್ಲಿ ಮಾತಿಲ್ಲ; ಕರೆಸಿ, ಎದುರಿಗೇ ಹೇಳಿ.

ಮುಂದೆ ಅವಳು ಶುಕ್ರವಾರದ ಕ್ಲಾಸು ಶುರು ಮಾಡಿದಾಗ ಆ ಕಾನೂನು ಕ್ಲಾಸಿಗೂ ಬಂತು. ಕುವೈತ್‌ನಲ್ಲೇ ಹುಟ್ಟಿದ ನಮ್ಮ ಮಕ್ಕಳ ಕಥೆ ಗೊತ್ತಲ್ಲ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅವರಿಗೆ ನಾಲ್ಕು ಕನ್ನಡ ಅಕ್ಷರ, ನಬಿಗಳ ಕಥೆ, ಹಿರಿಯರ ಜೊತೆ ಹೇಗೆ ಮಾತಾಡಬೇಕು ಎಂಬ ಬುದ್ಧಿ, ಇಷ್ಟು ಕಲಿಸುವ ಕ್ಲಾಸು. ಜಾಗ ಕೊಟ್ಟವರು ಅಹ್ಮದ್ ಬಾವಾ, ಎಲ್ಲರ ಬಾಯಲ್ಲಿ ಬಾವಾಕ. ಖೈತಾನ್‌ನಲ್ಲಿ ಮಸಾಲೆ ಮತ್ತು ಎಣ್ಣೆಯ ಅಂಗಡಿ ಅವರದು. ಊರಿನಲ್ಲಿ ತಮ್ಮನ ಗಾಣದಿಂದ ಬರುವ ತೆಂಗಿನೆಣ್ಣೆಗೆ ದೂರದ ಫಹಾಹೀಲ್‌ನಿಂದಲೂ ಗಿರಾಕಿಗಳು ಬರುತ್ತಾರೆ. ಅಂಗಡಿಯ ಮೇಲಿನ ಕೋಣೆಯನ್ನು ಖಾಲಿ ಮಾಡಿಸಿ ಚಾಪೆ ಹಾಸಿಕೊಟ್ಟು, ಸೌದಾಳ ಕಾನೂನನ್ನು ಪೇಂಟರನ್ನು ಕರೆಸಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದವರೂ ಅವರೇ. "ಇದು ಬಂಗಾರದ ಮಾತು ಟೀಚರ್. ದೊಡ್ಡವರಿಗೂ ಓದ್ಲಿಕ್ಕೆ ಆಗ್ಬೇಕು" ಎಂದಿದ್ದರು.

ಬರೀ ಗೋಡೆಯ ಅಲಂಕಾರವಲ್ಲ ಅದು. ಶಾಲೆಯ ಬಸ್ಸಿನ ಡ್ರೈವರ್ ಭೋಜಣ್ಣ ಹುಚ್ಚನ ಹಾಗೆ ಕಿರುಚುತ್ತಾನೆ ಎಂದು ಮಕ್ಕಳು ಆಡಿಕೊಂಡಾಗ ಸೌದಾ ಮುಂದಿನ ಶುಕ್ರವಾರವೇ ಭೋಜನನ್ನು ಕರೆದು ತಂದು ಎದುರಿಗೆ ಕೂರಿಸಿದಳು. "ನೀವು ಓಡುವ ಬಸ್ಸಿನಲ್ಲಿ ಎದ್ದು ನಿಲ್ತೀರಲ್ಲ ಮಕ್ಕಳೇ, ನಾನು ಬ್ರೇಕ್ ಹಾಕಿದ್ರೆ ನಿಮ್ಮ ಹಲ್ಲು ಎಲ್ಲಿ ಇರ್ತದೆ?" ಎಂದು ಅವನು ಕೇಳಿದ. ಅವತ್ತಿನಿಂದ ಬಸ್ಸಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ, ಭೋಜನೂ ಕಿರುಚುವುದಿಲ್ಲ.

ಇನ್ನು ಸುಲೋಚನಾ ನಾಗಾವ್‌ಕರ್. ಸೌದಾ ಈಗಿರುವ ಕಟ್ಟಡದ ಅದೇ ಮಹಡಿಯಲ್ಲಿ ಎದುರು ಬಾಗಿಲಿನವಳು. ಹುಬ್ಬಳ್ಳಿಯಲ್ಲಿ ಬೆಳೆದವಳು, ಅಪ್ಪ ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಕ್ಲಿನಿಕ್ಕೊಂದರಲ್ಲಿ ರಕ್ತ ತೆಗೆಯುವ ಕೆಲಸ, ಒಂಟಿ ಜೀವ. ಮೊದಲ ದಿನ ಲಿಫ್ಟಿನಲ್ಲಿ ಅವಳು ಫೋನಿನಲ್ಲಿ "ಹೂಂ ರೀ, ಬರ್ತೀನ್ರಿ" ಅಂದದ್ದು ಕೇಳಿ ಸೌದಾ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿಂದ ಶುರುವಾದ ಸ್ನೇಹ, ಒಬ್ಬಳ "ಎಂತ ಮಾರಾಯ್ತಿ"ಗೂ ಇನ್ನೊಬ್ಬಳ "ಏನ್ರಿ ಯವ್ವಾ"ಗೂ ವರ್ಷಗಟ್ಟಲೆ ಹೊಂದಿಕೊಂಡೇ ನಡೆದಿತ್ತು.

ನಮ್ಮ ಕರಾವಳಿಯವರಿಗೆ ಒಂದು ಚಟ. ಮನುಷ್ಯ ಏನು ತಿನ್ನುತ್ತಾನೆ, ಯಾವ ವಾರ ಏನು ಬಿಡುತ್ತಾನೆ ಎಂದು ನೋಡಿದರೆ ಸಾಕು, ಜಾತಿ ಕುಲ ಎಲ್ಲ ಲೆಕ್ಕ ಹಾಕಿ ಮುಗಿಸಿಬಿಡುತ್ತೇವೆ. ಸೌದಾಳೂ ಲೆಕ್ಕ ಹಾಕಿದ್ದಳು. ಹೆಸರು ನಾಗಾವ್‌ಕರ್, ಅಂದರೆ ಕೊಂಕಣದ ಕಡೆ. ಬಂಗುಡೆ, ಅಂಜಲ್ ಚಪ್ಪರಿಸಿಕೊಂಡು ತಿನ್ನುತ್ತಾಳೆ, ಸಿಗಡಿ ಮಾತ್ರ ಮೈಗೆ ಆಗುವುದಿಲ್ಲವಂತೆ, ಕೋಳಿ ಕುರಿ ಕೊಟ್ಟರೆ "ಬ್ಯಾಡ್ರಿ". ಶುಕ್ರವಾರ ಸಂಜೆ ಹೊತ್ತು ಮುಳುಗುವ ಮೊದಲು ಗಾಜಿನ ಲೋಟದಲ್ಲಿ ಅರ್ಧ ನೀರು, ಮೇಲೆ ಎಣ್ಣೆ, ಬತ್ತಿ ಹಾಕಿ ದೀಪ ಹಚ್ಚುತ್ತಾಳೆ, ಲಕ್ಷ್ಮಿಗೆ ಇರಬೇಕು. ಶನಿವಾರ ಒಲೆ ಹೊತ್ತಿಸುವುದಿಲ್ಲ. ತಿರುಪತಿ ತಿಮ್ಮಪ್ಪನ ವ್ರತ. ಇನ್ನೇನು ಬೇಕು? ಅಂಗೈ ಹುಣ್ಣಿಗೆ ಕನ್ನಡಿಯೇ? ಮೀನು ತಿನ್ನುವ ಸಾರಸ್ವತ ಬ್ರಾಹ್ಮಣರು ಎಂದು ಸೌದಾ ತೀರ್ಮಾನಿಸಿದಳು, ಇಡೀ ಕಟ್ಟಡಕ್ಕೆ ಹೇಳಿಯೂ ಹೇಳಿದಳು. ಅವಳಿಗಾಗಿ ಬೇರೆ ಪಾತ್ರೆಯಲ್ಲಿ ತುಪ್ಪದ ಅನ್ನ ಮಾಡುತ್ತಿದ್ದಳು. ಶನಿವಾರ ಬೆಳಿಗ್ಗೆ ವ್ರತದವಳ ಬಾಯಿ ಒಣಗಬಾರದೆಂದು ಫ್ಲಾಸ್ಕಿನಲ್ಲಿ ಚಾ ಕೊಂಡೊಯ್ಯುತ್ತಿದ್ದಳು.

ದೀಪದ ಎಣ್ಣೆ ಬಾವಾಕನ ಅಂಗಡಿಯದು. "ಎದುರು ಮನೆಯ ಸಾರಸ್ವತ ಅಮ್ಮನ ದೀಪಕ್ಕೆ" ಎಂದು ಸೌದಾ ಮೊದಲ ಸಲ ಕೇಳಿದಾಗ ಬಾವಾಕ ತಮ್ಮನ ಗಾಣದ ಎಣ್ಣೆಯಲ್ಲೇ ತಿಳಿಯಾದದ್ದನ್ನು ಹಸಿರು ಮುಚ್ಚಳದ ಬಾಟಲಿಗೆ ಹಾಕಿ ಬೇರೆ ಎತ್ತಿಟ್ಟರು. ಯಾರೋ ಹುಬ್ಬೇರಿಸಿದಾಗ, "ಎಣ್ಣೆ ಕೊಡುದು ನನ್ನ ಕೆಲಸ. ಯಾರ ದೀಪ, ಯಾರ ಎದುರು ಅಂತ ಕೇಳುದು ನನ್ನ ಕೆಲಸ ಅಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಆ ಅಮ್ಮನ ಮುಖ ಮಾತ್ರ ಅವರು ಯಾವತ್ತೂ ನೋಡಿರಲಿಲ್ಲ. ಬಾಟಲಿ ತರುವವಳು ಸೌದಾ, ಖಾಲಿ ಬಾಟಲಿ ಕೊಡುವವಳೂ ಸೌದಾ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದ ಒಂದು ಚಳಿಗಾಲದ ಶುಕ್ರವಾರ, ಮೂಸಾ ನಬಿ ತಮ್ಮ ಜನರನ್ನು ಸಮುದ್ರ ದಾಟಿಸಿದ ಕಥೆಯನ್ನು ಸೌದಾ ಹೇಳಿ ಮುಗಿಸಿದ್ದಳು. ಹಿಂದಿನ ಸಾಲಿನಿಂದ ರಮೀಝ್ ಎದ್ದು ನಿಂತ. ಮನೆಯ ಟಿವಿಯಲ್ಲಿ ದಿನಾ ಯುದ್ಧ, ಸತ್ತ ಮಕ್ಕಳು, ಅವರಮ್ಮಂದಿರ ಕೂಗು. ನೋಡಿ ನೋಡಿ ಹುಡುಗನ ಮುಖ ಬಿಗಿದಿತ್ತು.

"ಆ ಜನ ಅಂದ್ರೆ ಯಹೂದಿಗಳಲ್ವಾ ಟೀಚರ್? ಅವರನ್ನು ಯಾಕೆ ದಾಟಿಸಿದ್ದು? ದೇ ಆರ್ ಆಲ್ ಬ್ಯಾಡ್. ಎಲ್ಲರೂ. ಒಬ್ಬರೂ ಬಿಡದೆ."

ಕ್ಲಾಸು "ಹೌದು ಹೌದು" ಎಂದಿತು. ಸೌದಾ ಏನಾದರೂ ಹೇಳುವ ಮೊದಲೇ ಮುಂದಿನ ಸಾಲಿನ ಆಯಿಶತ್ ಶಮೀಮಾ ಕೈ ಎತ್ತಿದಳು. ಬಾವಾಕನ ಮೊಮ್ಮಗಳು, ಹುಟ್ಟುವಾಗಲೇ ವಕೀಲಿಕೆ ಕಲಿತು ಬಂದವಳು. ಅವಳು ಗೋಡೆಯ ಕಡೆ ಬೆರಳು ಮಾಡಿ, "ಬಟ್ ಟೀಚರ್, ಅವರು ಇಲ್ಲಿ ಇಲ್ವಲ್ಲ?" ಎಂದಳು. "ರಮೀಝ್ ಅವರ ಎದುರಿಗೇ ಹೇಳ್ಬೇಕು. ರೂಲ್ ಈಸ್ ರೂಲ್. ನೀವು ಒಬ್ಬರನ್ನು ಕರೆಸಿ."

ಸೌದಾಳಿಗೆ ಗಂಟಲಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಷ್ಟು ವರ್ಷ ಅವಳು ಸಾಕಿದ ಕಾನೂನು ಈಗ ಅವಳನ್ನೇ ಕಚ್ಚಲು ಬಂದಿತ್ತು. ಇದೊಂದು ಬೇಡ ಎಂದರೆ ಅವತ್ತೇ ಆ ಕಾನೂನು ಸತ್ತ ಹಾಗೆ, ಆಮೇಲೆ ಗೋಡೆಯ ಮೇಲೆ ಬರೀ ಪೇಂಟು ಉಳಿಯುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಆಯ್ತು," ಎಂದಳು, "ಕರೆಸ್ತೇನೆ."

ಮರುದಿನ ಶನಿವಾರ. ಫ್ಲಾಸ್ಕ್ ಹಿಡಿದುಕೊಂಡು ಎದುರು ಮನೆಗೆ ಹೋದವಳೇ ಸೋಫಾದಲ್ಲಿ ಕುಸಿದಳು.

"ಎಲ್ಲಿಂದ ತರುದು ಮಾರಾಯ್ತಿ, ಈ ಕುವೈತ್‌ನಲ್ಲಿ ಒಬ್ಬ ಯಹೂದಿಯನ್ನು? ಆನ್‌ಲೈನ್‌ನಲ್ಲಿ ಆರ್ಡರ್ ಮಾಡ್ಲಿಕ್ಕೆ ಆಗ್ತದಾ?"

ಸುಲೋಚನಾ ನಗಲಿಲ್ಲ. ಚಾದ ಲೋಟ ಕೆಳಗಿಟ್ಟಳು.

"ತರೂದು ಯಾಕ್ರಿ ಸೌದಾ? ಎದುರಿಗೇ ಕುಂತಾಳಲ್ಲ. ಈಗಷ್ಟ ಚಾ ಕೊಟ್ಟೀರಿ."

"ಎಂತ?"

"ನಾನು ಯಹೂದಿ ರೀ. ನಮ್ಮಪ್ಪ, ನಮ್ಮಜ್ಜ, ಎಲ್ಲಾರೂ. ಹಡಗು ಒಡದು ಕೊಂಕಣದ ದಂಡಿಗೆ ಬಂದು ಬಿದ್ದ ಮಂದಿ ನಾವು ಅಂತ ನಮ್ಮಜ್ಜಿ ಹೇಳ್ತಿದ್ಲು. ಶುಕ್ರವಾರದ ದೀಪ ಅದರದ. ಶನಿವಾರ ಒಲಿ ಹಚ್ಚೂದಿಲ್ಲ, ಅದೂ ಅದರದ. ನೀವು ತಿಮ್ಮಪ್ಪ ಅಂದ್ರಿ. ನಾನು ಸುಮ್ಮನ ಇದ್ದೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ಸೌದಾಳ ಕಥೆ. ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು, ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ ಎಂದು. ಅದನ್ನೇ ಕೇಳಿದಳು. ಸುಲೋಚನಾ ಸೆರಗಿನ ಅಂಚು ಹಿಂಡುತ್ತ, "ಹೆಂಗ ಹೇಳ್ಲಿ? ನಿಮ್ಮ ಮನ್ಯಾಗ ಕುಂತು ಟಿವಿ ನೋಡುವಾಗ ನೀವೂ ಎಷ್ಟು ಸಲ ಅಂದೀರಿ, ಈ ಯಹೂದಿಗಳ ವಂಶ ಹಾಳಾಗ್ಲಿ ಅಂತ. ನಾನು ನಿಮ್ಮ ಬಾಜೂನ ಕುಂತಿದ್ದೆ" ಎಂದಳು.

ಸೌದಾಳ ಮುಖಕ್ಕೆ ಯಾರೋ ಬಾರಿಸಿದ ಹಾಗಾಯಿತು. ಇಲ್ಲದವರ ಬಗ್ಗೆ ಮಾತಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವಳ ಸೋಫಾದಲ್ಲೇ ಅದು ನಡೆದಿತ್ತು, ಅದೂ ಇದ್ದವಳ ಪಕ್ಕದಲ್ಲೇ. ಎದ್ದುಹೋಗಿ ಗೆಳತಿಯ ಕೈ ಹಿಡಿದುಕೊಂಡಳು. ಇಬ್ಬರೂ ಚೆನ್ನಾಗಿ ಅತ್ತರು. ಚಾ ಆರಿ ತಣ್ಣಗಾಯಿತು.

"ಕ್ಲಾಸಿಗೆ ನಾ ಬರ್ತೀನಿ," ಎಂದಳು ಕೊನೆಗೆ ಸುಲೋಚನಾ, ಮೂಗು ಒರೆಸಿಕೊಂಡು. "ಬಚ್ಚಿಟ್ಟು ಬಚ್ಚಿಟ್ಟು ಬ್ಯಾಸರ ಬಂದೈತಿ. ಆದ್ರ ಅಲ್ಲೀತನಕ ಹೆಸರು ಮಾತ್ರ ಯಾರಿಗೂ ಹೇಳಬ್ಯಾಡ್ರಿ. ನನ್ನ ಹೆಸರು ನಾನ ಹೇಳಬೇಕು."

ಹೆಸರು ಬಿಟ್ಟು, ಬರುವುದು ಒಬ್ಬ ಹೆಂಗಸು ಎಂದಷ್ಟೇ ಸೌದಾ ಮಕ್ಕಳಿಗೆ ತಿಳಿಸಿದ್ದಳು. ಮಕ್ಕಳ ಬಾಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಶುಕ್ರವಾರ ಟೀಚರ್ ಒಬ್ಬ ಯಹೂದಿ ಹೆಂಗಸನ್ನು ತರುತ್ತಾರಂತೆ ಎಂಬುದು ಸೋಮವಾರದೊಳಗೆ ಖೈತಾನ್ ದಾಟಿ ರುಮೈಥಿಯಾ ಮುಟ್ಟಿತು. ತಾಯಂದಿರ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು. ಶಬೀರ್ ಊಟ ಬಿಟ್ಟ. "ನಮಗೆ ಯಾಕೆ ಸೌದಾ ಈ ಉಸಾಬರಿ? ಅಕ್ಷರ ಕಲಿಸು, ಸಾಕಲ್ಲ" ಎಂದು ಮನೆ ತುಂಬ ಅತ್ತಿಂದಿತ್ತ ನಡೆದ. ಬಾವಾಕ ಅಂಗಡಿಗೆ ಕರೆಸಿಕೊಂಡರು.

ಸೌದಾ ಹೋದಾಗ ಬಾವಾಕ ಗಲ್ಲಾದ ಹಿಂದೆ ನಿಂತೇ ಇದ್ದರು. ಕೂರಿ ಎನ್ನಲಿಲ್ಲ, ಅದೇ ಮೊದಲ ಸಲ.

"ಟೀಚರ್, ನಾನು ಜಾಗ ಕೊಟ್ಟದ್ದು ಮಕ್ಕಳಿಗೆ. ಅಲ್ಲಿ ಸಾಯ್ತಾ ಇರೋದೂ ಮಕ್ಕಳೇ. ಆ ಜಾತಿಯ ಹೆಂಗಸು ನನ್ನ ಮೆಟ್ಟಿಲು ಹತ್ತಿದ್ರೆ ಕ್ಲಾಸ್ ಖಲಾಸ್. ಅವಳು ಎಂಥವಳು ಅಂತ ನಿಮಗೆ ಎಂತ ಗೊತ್ತುಂಟು? ಅವಳು..."

"ಬಾವಾಕ," ಎಂದಳು ಸೌದಾ. "ಅವರು ಇಲ್ಲಿ ಇಲ್ಲ."

ಬಾವಾಕ ಗಲ್ಲಾದ ಮೇಲಿದ್ದ ಬಟ್ಟೆ ಎತ್ತಿಕೊಂಡರು.

"ಮೇಲೆ ಗೋಡೆಯಲ್ಲಿ ಬರೆಸಿದ್ದು ನೀವು. ದೊಡ್ಡವರಿಗೂ ಓದ್ಲಿಕ್ಕೆ ಆಗ್ಬೇಕು ಅಂದವರೂ ನೀವು. ಶುಕ್ರವಾರ ಬನ್ನಿ. ನನ್ನ ಹತ್ತಿರ ಹೇಳಿದ್ದನ್ನು ಅವರ ಮುಖ ನೋಡಿ ಹೇಳಿ. ಎಲ್ಲ ಕೇಳಿದ ಮೇಲೂ ನೀವು ಹೋಗು ಅಂದ್ರೆ ಅವರ ಜೊತೆ ನಾನೂ ಇಳಿದು ಹೋಗ್ತೇನೆ. ಕೀ ನಿಮ್ಮ ಕೈಗೆ ಕೊಟ್ಟು."

ಬಾವಾಕ ತುಂಬ ಹೊತ್ತು ತಕ್ಕಡಿಯ ತಟ್ಟೆ ಒರೆಸಿದರು. "ಬರ್ತೇನೆ," ಎಂದರು. "ಎದುರಿಗೇ ಹೇಳ್ತೇನೆ." ಸೌದಾ ಅವತ್ತು ಎಣ್ಣೆಯ ಬಾಟಲಿ ಕೇಳಲೇ ಇಲ್ಲ. ಯಾವ ಬಾಯಿಯಲ್ಲಿ ಕೇಳುವುದು?

ಆ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ಮೇಲಿನ ಕೋಣೆ ತುಂಬಿತು. ಮಕ್ಕಳ ಜೊತೆ ಎಂದೂ ಬಾರದ ತಾಯಂದಿರು ಬಂದರು, ಅವರ ಹಿಂದೆ ಅಪ್ಪಂದಿರು ಬಂದು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಬಾವಾಕ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೈ ಕಟ್ಟಿ ಕೂತರು. ಸೌದಾ ಸೊಂಟದಲ್ಲಿದ್ದ ಕೀ ಗೊಂಚಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಸಂಜೆಯೊಳಗೆ ಅದನ್ನು ಕೊಟ್ಟು ಹೋಗಬೇಕಾದೀತು. ಈ ಕೋಣೆಯಲ್ಲಿ ಎಷ್ಟು ಮಕ್ಕಳು ಅ ಆ ತಿದ್ದಿದ್ದರು!

ಮೆಟ್ಟಿಲ ಮೇಲಿದ್ದವರು ದಾರಿ ಬಿಟ್ಟರು. ನೀಲಿ ಸೀರೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಸುಲೋಚನಾ ಒಳಗೆ ಕಾಲಿಟ್ಟಳು.

ಇಡೀ ಕ್ಲಾಸು ಒಂದೇ ಉಸಿರಿಗೆ ಕೂಗಿತು:

"ಸೂಜಿ ಆಂಟಿ!"

ಕೂಗದೆ ಏನು? ಆ ಕೋಣೆಯ ಅರ್ಧಕ್ಕರ್ಧ ಮಕ್ಕಳ ತೋಳಿನಿಂದ ರಕ್ತ ತೆಗೆದವಳು ಅವಳೇ. ಆಚೆ ನೋಡು, ಗುಬ್ಬಿ ಬಂತು ಎಂದು ಹೇಳಿ ಚುಚ್ಚುವವಳು, ಚುಚ್ಚಿದ ಮೇಲೆ ಕಿಸೆಯಿಂದ ಪೆಪ್ಪರ್‌ಮಿಂಟ್ ಕೊಡುವವಳು. ಹಿಂದಿನ ಸಾಲಿನ ಒಂದು ಪುಟಾಣಿ ಅಭ್ಯಾಸಬಲದಿಂದ ತೋಳು ಬಚ್ಚಿಟ್ಟುಕೊಂಡಿತು. "ಇವತ್ತು ಸೂಜಿ ತಂದಿಲ್ಲಪಾ, ಅಂಜಬ್ಯಾಡ" ಎಂದಳು ಸುಲೋಚನಾ. ತಾಯಂದಿರ ಪೈಕಿ ಯಾರೋ ತಡೆಯಲಾರದೆ ನಕ್ಕರು.

ಅವಳು ಚಾಪೆಯ ಮೇಲೆ ಕೂತು ತನ್ನ ಹೆಸರು ಹೇಳಿದಳು. ನಾನು ಹುಬ್ಬಳ್ಳಿಯವಳು, ನಾನು ಯಹೂದಿ, ನಿಮ್ಮ ಟೀಚರ ಎದುರು ಮನೆಯವಳು ಎಂದಳು. ಏನು ಕೇಳಬೇಕೋ ಕೇಳ್ರಿ ಎಂದಳು.

ರಮೀಝ್ ಎದ್ದು ನಿಂತ. ಅವಳ ಮುಖ ನೋಡಿ ಕೇಳಿದ: "ನೀವು ಯಾಕೆ ಮಕ್ಕಳನ್ನು ಸಾಯಿಸ್ತೀರಿ?"

ಸುಲೋಚನಾ ಅವನನ್ನೇ ನೋಡಿದಳು. "ಚೊಲೋ ಕೇಳಿದಿ. ಎದುರಿಗೆ ಕೇಳಿದಿ, ಅದು ಇನ್ನೂ ಚೊಲೋ. ಆ ಮಕ್ಕಳನ್ನ ಟಿವ್ಯಾಗ ನೋಡಿದಾಗ ನನಗೂ ಅನ್ನ ಇಳಿಯೂದಿಲ್ಲಪಾ. ಅದು ತಪ್ಪು. ನನ್ನ ದೇವರ ಹೆಸರು ಹೇಳಿ ಮಾಡಿದ್ರೂ ತಪ್ಪು, ಯಾರ ದೇವರ ಹೆಸರು ಹೇಳಿ ಯಾರು ಮಾಡಿದ್ರೂ ತಪ್ಪು. ಕೂಸು ಯಾರದಾದ್ರೂ ಕೂಸ. ನಿಮ್ಮ ರಕ್ತ ತಗದೀನಿ ನಾನು, ನಮ್ಮ ಮಂದಿ ರಕ್ತನೂ ತಗದೀನಿ. ಬಾಟ್ಲ್ಯಾಗ ಹಾಕಿದ ಮ್ಯಾಲೆ ಹೆಸರು ಬರದು ಅಂಟಿಸಲಿಲ್ಲ ಅಂದ್ರ ಯಾವುದು ಯಾರದು ನನಗೂ ಗೊತ್ತಾಗೂದಿಲ್ಲ." ಮುಂದಕ್ಕೆ ಬಾಗಿ ಕೇಳಿದಳು: "ಈಗ ನಾನೊಂದು ಕೇಳ್ಲೇನು? ಎಲ್ಲಾರೂ ಕೆಟ್ಟವರು, ಒಬ್ಬರೂ ಬಿಡದ ಅಂದಿದ್ದಿಯಂತಲ್ಲ. ಅದರಾಗ ನಾನೂ ಬಂದ್ನೇನು?"

ರಮೀಝನ ಕಿವಿ ಕೆಂಪಾಯಿತು. "ನೋ ಆಂಟಿ. ನೀವಲ್ಲ. ನೀವು ಪೆಪ್ಪರ್‌ಮಿಂಟ್ ಕೊಡ್ತೀರಿ."

"ಆಲ್ ಮೈನಸ್ ಒನ್," ಎಂದಳು ಶಮೀಮಾ ವಕೀಲಿ ದನಿಯಲ್ಲಿ. "ಮತ್ತೆ ಹುಡುಕಿದ್ರೆ ಮೈನಸ್ ಎಷ್ಟೋ."

ಅಲ್ಲಿಂದ ಕಟ್ಟೆ ಒಡೆಯಿತು. ಮೂಸಾ ನಬಿ ನಿಮಗೆ ಯಾರು? ಇಬ್ರಾಹಿಂ ನಬಿ ಗೊತ್ತಾ? ಹಂದಿ ತಿಂತೀರಾ? ಇಲ್ಲವಾ, ನೀವೂ ಇಲ್ಲವಾ! ಸಮುದ್ರ ಸೀಳಿದ ಕಥೆಯನ್ನು ಸುಲೋಚನಾ ತನ್ನ ಅಜ್ಜಿ ಹೇಳುತ್ತಿದ್ದ ಹಾಗೆ ಹೇಳಿದಳು. ನಡುನಡುವೆ ಮಕ್ಕಳು "ಅದು ಹಾಗಲ್ಲ, ಹೀಗೆ" ಎಂದು ತಿದ್ದಿದರು, ಅವಳು ವಾದ ಮಾಡಿದಳು. ಬೆನ್ನಟ್ಟಿ ಬಂದ ದೊರೆ ಫಿರ್‌ಔನ್ ಮುಳುಗಿದಾಗ ಎರಡೂ ಕಡೆಯವರು ಒಟ್ಟಿಗೇ ಚಪ್ಪಾಳೆ ಹೊಡೆದರು. ತಾಯಂದಿರು ಮುಂದೆ ಮುಂದೆ ಜರುಗಿ ಕೂತರು. ಬಾವಾಕ ಮಾತ್ರ ಕಟ್ಟಿದ ಕೈ ಬಿಚ್ಚಿರಲಿಲ್ಲ. ಸೌದಾಳ ಕಣ್ಣು ಅವರ ಮೇಲೇ.

ಶಮೀಮಾ ಕೇಳಿದಳು, "ಶುಕ್ರವಾರ ನಾವು ಜುಮಾಗೆ ಹೋಗ್ತೇವೆ. ನೀವು ಎಂತ ಮಾಡ್ತೀರಿ?"

"ಹೊತ್ತು ಮುಳುಗೂದರಾಗ ದೀಪ ಹಚ್ಚತೀವಿ. ಲೋಟದಾಗ ಎಣ್ಣಿ ಹಾಕಿ."

"ಯಾವ ಎಣ್ಣೆ?"

"ತೆಂಗಿನೆಣ್ಣಿ. ಇದ ಕೆಳಗಿನ ಅಂಗಡೀದು. ಹಸರು ಮುಚ್ಚಳದ ಬಾಟ್ಲಿ. ನಿಮ್ಮ ಟೀಚರ್ ತಂದುಕೊಡ್ತಾರ."

ಪ್ಲಾಸ್ಟಿಕ್ ಕುರ್ಚಿ ಕಿರ್ ಎಂದಿತು. ಬಾವಾಕ ಎದ್ದು ನಿಂತಿದ್ದರು.

"ಯಾವ ಬಾಟ್ಲಿ? ಹಸಿರು ಮುಚ್ಚಳ? ಅದು ನಾನು ಸಾರಸ್ವತ ಅಮ್ಮನ ದೀಪಕ್ಕೆ ಅಂತ ಎತ್ತಿಡುದು!"

"ಆ ಅಮ್ಮ ನಾನ ರೀ," ಎಂದಳು ಸುಲೋಚನಾ. "ಸಾರಸ್ವತರು ಅಂತ ಟೀಚರ್ ಹೇಳಿದ್ದು. ನಾನು ಹೇಳಿದ್ದಲ್ಲ."

ಕೋಣೆಯ ಎಲ್ಲ ತಲೆಗಳೂ ಬಾವಾಕನ ಕಡೆ ತಿರುಗಿದವು. ವರ್ಷಗಟ್ಟಲೆ ಆ ದೀಪ ಉರಿದದ್ದು ಅವರ ಎಣ್ಣೆಯಿಂದಲೇ. ಸೌದಾ ಕೀ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಯಾರ ದೀಪ ಎಂದು ಕೇಳುವುದು ನನ್ನ ಕೆಲಸವಲ್ಲ ಎಂದವರು ಈಗ ಏನು ಹೇಳುತ್ತಾರೆ? ಬಾವಾಕ ಗಡ್ಡ ನೀವಿದರು. ಕೊನೆಗೆ ಬಾಯಿಂದ ಬಂದದ್ದು ವ್ಯಾಪಾರಿಯ ಮಾತೇ:

"ಎಣ್ಣೆ... ಚೆನ್ನಾಗುಂಟಾ?"

"ಹೊಗಿ ಇಲ್ಲ, ಕಮಟು ವಾಸನಿ ಇಲ್ಲ. ನಮ್ಮ ಮುತ್ತಜ್ಜ ಇದ್ದಿದ್ರ ಶಭಾಷ್ ಅಂತಿದ್ರು. ಅವರೂ ಗಾಣದವರ ರೀ. ಕೊಂಕಣದಾಗ ನಮ್ಮ ಮಂದಿ ಎಲ್ಲಾ ಎಣ್ಣಿ ತಗಿಯೂ ಮಂದಿ."

"ಗಾಣವಾ?" ಬಾವಾಕ ಎರಡು ಹೆಜ್ಜೆ ಮುಂದೆ ಬಂದರು. "ಎತ್ತಿನ ಗಾಣವಾ?"

"ಎತ್ತಿಂದ ಮತ್ತ. ಊರ ಮಂದಿ ನಮಗ ಶನಿವಾರ ತೇಲಿ ಅಂತಿದ್ರು. ತೇಲಿ ಅಂದ್ರ ಗಾಣಿಗರು. ಊರಿನ ಎಲ್ಲಾ ಗಾಣ ತಿರಗ್ತಿದ್ರೂ ಶನಿವಾರ ನಮ್ಮದು ನಿಲ್ಲತಿತ್ತು."

"ಮತ್ತೆ ಎತ್ತು?"

"ಎತ್ತಿಗೂ ರಜಾ. ನಮ್ಮ ಗ್ರಂಥದಾಗ ಬರದೈತ್ರಿ, ಆ ದಿನ ಆಳಿಗೂ ವಿಶ್ರಾಂತಿ, ಎತ್ತಿಗೂ ವಿಶ್ರಾಂತಿ."

ಬಾವಾಕ ಅಲ್ಲೇ ಚಾಪೆಯ ತುದಿಯಲ್ಲಿ ಮಕ್ಕಳ ನಡುವೆ ಕೂತುಬಿಟ್ಟರು. ಮೊಣಕಾಲು ನೋವಿನ ಮನುಷ್ಯ ನೆಲಕ್ಕೆ ಕೂತದ್ದನ್ನು ಯಾರೂ ಆವರೆಗೆ ನೋಡಿರಲಿಲ್ಲ.

"ನನ್ನ ಬಾಪನದ್ದೂ ಎತ್ತಿನ ಗಾಣ," ಎಂದರು. ಧ್ವನಿ ಬೇರೆಯೇ ಆಗಿತ್ತು. "ಎತ್ತಿನ ಕಣ್ಣಿಗೆ ಬಟ್ಟೆ ಕಟ್ತಿದ್ರು, ತಲೆ ತಿರುಗಬಾರದು ಅಂತ. ಶುಕ್ರವಾರ ಜುಮಾಗೆ ಹೋಗುವ ಮೊದಲು ಗಾಣ ಬಿಡುದು. ಕಣ್ಣಿನ ಬಟ್ಟೆ ಬಿಚ್ಚುದು ನನ್ನ ಕೆಲಸ. ಬಿಚ್ಚಿದ ಕೂಡಲೇ ಆ ಎತ್ತು ಒಂದು ಸಲ ನನ್ನನ್ನು ನೋಡ್ತಿತ್ತು, ಗೊತ್ತುಂಟಾ? ಇಷ್ಟು ಹೊತ್ತು ಪಕ್ಕದಲ್ಲೇ ಇದ್ದದ್ದು ನೀನಾ, ಅಂತ ಕೇಳಿದ ಹಾಗೆ." ಸುಲೋಚನಾಳ ಕಡೆ ತಿರುಗಿದರು. "ನಾನು ಇವತ್ತು ನಿಮ್ಮ ಮುಖ ನೋಡಿ ಒಂದು ಮಾತು ಹೇಳ್ಲಿಕ್ಕೆ ಅಂತ ಬಂದವ ತಂಗಿ. ಆ ಮಾತು ಈಗ ಬಾಯಿಗೆ ಬರುದಿಲ್ಲ."

ತಂಗಿ! ಸೌದಾಳ ಕಣ್ಣಲ್ಲಿ ದಳದಳ ನೀರು. ಕೀ ಗೊಂಚಲನ್ನು ಮುಷ್ಟಿಯಿಂದ ಬಿಟ್ಟಳು. ಅಂಗೈಯಲ್ಲಿ ಅದರ ಹಲ್ಲುಗಳ ಗುರುತು ಮೂಡಿತ್ತು.

ಆಮೇಲೆ ಗಾಣದ ಮಾತು ಎಲ್ಲೆಲ್ಲಿಗೋ ಹೋಯಿತು. ಒರಳು ಯಾವ ಮರದ್ದು, ಹಿಂಡಿ ಯಾರಿಗೆ, ಎತ್ತಿನ ಹೆಸರೇನು. ಮಕ್ಕಳಿಗೆ ಗಾಣವೆಂದರೇನು ಎಂದೇ ಗೊತ್ತಿಲ್ಲ. ರಮೀಝ್ ಎತ್ತಾಗಿ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಕೋಣೆ ಸುತ್ತಿದ. ಅಷ್ಟರಲ್ಲಿ ಶಮೀಮಾ ಕಿಟಕಿಯ ಹತ್ತಿರ ಹೋಗಿ ಕಿರುಚಿದಳು:

"ಅಜ್ಜಾ, ಸನ್! ಆಂಟಿ, ನಿಮ್ಮ ದೀಪ!"

ಸೂರ್ಯ ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ. ಸುಲೋಚನಾ ಹಣೆ ಚಚ್ಚಿಕೊಂಡಳು. "ಯವ್ವಾ, ಮರತ ಬಿಟ್ಟೆ. ಮುಳುಗಿದ ಮ್ಯಾಲೆ ಬೆಂಕಿ ಮುಟ್ಟೂ ಹಂಗಿಲ್ಲ. ಹೋಗ್ಲಿ ಬಿಡ್ರಿ, ಈ ವಾರ ಎಣ್ಣಿನೂ ಇಲ್ಲ, ಬಾಟ್ಲಿ ಖಾಲಿ."

"ಖಾಲಿಯಾ?" ಬಾವಾಕ ಶಮೀಮಾಳ ಹೆಗಲು ಹಿಡಿದು ಎದ್ದರು. "ನಾನು ಬದುಕಿರುವಾಗ ಆ ಬಾಟ್ಲಿ ಖಾಲಿಯಾ? ಟೀಚರ್, ನೀವು ಕೇಳ್ಲಿಲ್ಲ ಯಾಕೆ?" ಎಂದು ಸೌದಾಳನ್ನೇ ಗದರಿಸಿ, ಉತ್ತರಕ್ಕೂ ಕಾಯದೆ ಧಡಧಡನೆ ಕೆಳಗಿಳಿದು, ಅಂಗಡಿಯಿಂದ ಹಸಿರು ಮುಚ್ಚಳದ ಬಾಟಲಿ ಎತ್ತಿಕೊಂಡು ಬೀದಿಗೆ ಬಂದು ನಿಂತರು. "ಯಲ್ಲಾ! ಯಲ್ಲಾ! ನಡೀರಿ!"

ಖೈತಾನ್‌ನ ಆ ಬೀದಿ ಅಂಥ ಮೆರವಣಿಗೆಯನ್ನು ಯಾವತ್ತೂ ಕಂಡಿರಲಿಲ್ಲ. ಮುಂದೆ ಎಣ್ಣೆ ಬಾಟಲಿ ಎತ್ತಿ ಹಿಡಿದ ಬಾವಾಕ, ಅವರ ಪಕ್ಕ ಸೀರೆ ಎತ್ತಿ ಕಟ್ಟಿದ ಸುಲೋಚನಾ, ಹಿಂದೆ ಸೌದಾ, ಅವಳ ಹಿಂದೆ ಇಡೀ ಕ್ಲಾಸು, ಅದರ ಹಿಂದೆ ಏದುಸಿರು ಬಿಡುವ ಅಪ್ಪ ಅಮ್ಮಂದಿರು. ಬಕಾಲದವನು ಬಾಗಿಲಿಗೆ ಬಂದ, ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯ ಸಮೇತ ಬಂದ. "ಕ್ಯಾ ಹುವಾ ಭಾಯಿ?" ಎಂದು ಯಾರೋ ಕೇಳಿದರೆ, "ಟೈಮ್ ಇಲ್ಲ!" ಎಂದರು ಬಾವಾಕ. ಪುಕ್ಕಲ ಶಬೀರ್ ಓಡಿಹೋಗಿ ಕಟ್ಟಡದ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತು ಹಿಡಿದುಕೊಂಡ. ಲಿಫ್ಟಿನಲ್ಲಿ ಹಿಡಿಸಿದವರು ಹಿಡಿಸಿದರು, ಉಳಿದವರು ಮೆಟ್ಟಿಲಲ್ಲಿ ಓಡಿದರು.

ಸುಲೋಚನಾಳ ಪುಟ್ಟ ಮನೆಯಲ್ಲಿ ಲೋಟಕ್ಕೆ ನೀರು ಹಾಕಿದ್ದು ಶಮೀಮಾ. ಎಣ್ಣೆ ಸುರಿದವರು ಬಾವಾಕ, ಒಂದು ತೊಟ್ಟೂ ಚೆಲ್ಲದೆ, ಗಿರಾಕಿಗೆ ಅಳೆದು ಕೊಡುವಾಗಿನ ಅದೇ ಕೈಯಲ್ಲಿ. ಕಿಟಕಿಯಲ್ಲಿ ಸೂರ್ಯ ಇನ್ನೂ ಒಂದು ಹೋಳಿನಷ್ಟು ಉಳಿದಿದ್ದ. ಸುಲೋಚನಾ ಬತ್ತಿ ಹೊತ್ತಿಸಿ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಏನೋ ಹೇಳಿಕೊಂಡಳು. ಕಾರಿಡಾರಿನವರೆಗೆ ನಿಂತಿದ್ದ ಅಷ್ಟೂ ಮಂದಿ ಕತ್ತು ಚಾಚಿ ನೋಡಿದರು. ಈ ಮನೆಯಲ್ಲಿ ಅವಳು ಬಾಗಿಲು ತೆರೆದಿಟ್ಟು ಆ ದೀಪ ಹಚ್ಚಿದ್ದು ಅದೇ ಮೊದಲು. ಕಣ್ಣಿನಿಂದ ಕೈ ತೆಗೆದಾಗ ಅವಳ ಕೆನ್ನೆ ಒದ್ದೆಯಾಗಿತ್ತು, ಮುಖದ ತುಂಬ ನಗು. ಸೌದಾ ಅವಳನ್ನು ಅಪ್ಪಿಕೊಂಡಳು.

ಅಷ್ಟರಲ್ಲಿ ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳಿಸಿತು. "ನಿಮ್ಮದು ಆಯ್ತಲ್ಲ ತಂಗಿ, ಇನ್ನು ನಮ್ಮದು," ಎಂದು ಬಾವಾಕ ಟೋಪಿ ಸರಿಮಾಡಿಕೊಂಡು ಬಾಗಿಲಿಗೆ ನಡೆದರು. ಸೌದಾ ಹಿಂದೆಯೇ ಹೋದಳು. ಕೇಳದೆ ಅವಳಿಗೆ ಸಮಾಧಾನವಿರಲಿಲ್ಲ.

"ಬಾವಾಕ... ಕ್ಲಾಸು?"

ಬಾವಾಕ ಮೊಣಕಾಲು ಹಿಡಿದುಕೊಂಡು ತಿರುಗಿ ನಿಂತರು.

"ಮುಂದಿನ ವಾರದಿಂದ ಅರ್ಧ ಗಂಟೆ ಮೊದಲೇ ಶುರು ಮಾಡಿ ಟೀಚರ್. ಪ್ರತಿ ಶುಕ್ರವಾರ ಹೀಗೆ ಓಡ್ಲಿಕ್ಕೆ ಈ ಮುದುಕನ ಹತ್ತಿರ ಆಗುದಿಲ್ಲ."